ಮೆಕ್ಕೆಜೋಳದ ಹೆಡ್ಡರ್: ಕೈಕಾಲು ಉಳಿಸ್ಕೊಂಡು ಓಡ್ಸೋದು ಹೆಂಗ, ನೋಡ್ಕೊಳ್ಳೋದು ಹೆಂಗ

ಯಲಬುರ್ಗಾ, ಕುಕನೂರು, ಕುಷ್ಟಗಿ ಸೀಮ್ಯಾಗ ಮುಂಗಾರಿ ಮೆಕ್ಕೆಜೋಳ ಒಣಗಾಕ ಹತ್ತಿತಂದ್ರ ಮಷೀನಿಗೆ ಪಾಳಿ ಹಚ್ಚೋದು ಸುರು ಆಗ್ತೈತಿ. ಆಳು ಸಿಗಂಗಿಲ್ಲ, ಸಿಕ್ಕ್ರೂ ತೆನಿ ಮುರಿಯೋ ಕೂಲಿ, ಹೊರೋ ಕೂಲಿ, ಆಮ್ಯಾಲ ರಾಶಿ ಮಷೀನಿನ ಬಾಡಿಗಿ ಎಲ್ಲಾ ಕೂಡಿಸಿದ್ರ ಕಂಬೈನ್ ಹಾರ್ವೆಸ್ಟರ್ ತರಸೋದೇ ಚಲೋ ಅನಸ್ತೈತಿ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ ಭತ್ತ ಕೊಯ್ಯೋ ಮಷೀನಿಗೇ ಮುಂದಿನ ಭತ್ತದ ಹೆಡ್ಡರ್ (ಬೆಳಿ ಹಿಡದು ಒಳಗ ಎಳಿಯೋ ಮುಂಭಾಗ) ಬಿಚ್ಚಿ ಮೆಕ್ಕೆಜೋಳದ ಹೆಡ್ಡರ್ ಜೋಡಿಸ್ಕೊಂಡು ಮ್ಯಾಲಿನ ಸೀಮಿಗೆ ಬರೋರೂ ಅದಾರ. ಈ ಹೆಡ್ಡರ್ ಬಗ್ಗೆ ಮಷೀನ್ ಮಾಲೀಕ್ರು, ಡ್ರೈವರ್, ಬಾಡಿಗಿಗೆ ತರಸೋ ರೈತ್ರು ಮೂರೂ ಮಂದಿಗೆ ಗೊತ್ತಿರಬೇಕಾದ್ದನ್ನ ಬರದೀನಿ.

ಮೊದ್ಲು ಒಂದು ಮಾತು ತಲಿಯಾಗ ಇಟ್ಕೊಳ್ರಿ. ಮೆಕ್ಕೆಜೋಳದ ಮಷೀನಿನ್ಯಾಗ ಕೈ ಹೋಗೋದು ಬಹಳ ಸಲ ಹೆಡ್ಡರ್ ಜಾಮ್ ಆದಾಗ, ಇಂಜಿನ್ ಚಾಲೂ ಇಟ್ಟು ದಂಟು ಕೀಳಾಕ ಹೋದಾಗ. ಜಾಮ್ ಯಾಕ ಆಗ್ತೈತಿ ಅಂದ್ರ ಪ್ಲೇಟಿನ ಸಂದು ತಪ್ಪಿರ್ತೈತಿ, ಚೈನ್ ಸಡ್ಲ ಆಗಿರ್ತೈತಿ, ರೋಲರ್ ಸವದಿರ್ತಾವ, ಇಲ್ಲಾ ಡ್ರೈವರ್ ಅವಸರ ಮಾಡಿರ್ತಾನ. ಸೆಟ್ಟಿಂಗ್ ಚಲೋ ಇದ್ರ ಜಾಮ್ ಕಮ್ಮಿ, ಜಾಮ್ ಕಮ್ಮಿ ಆದ್ರ ಕೈ ಹಾಕೋ ಪ್ರಸಂಗಾನೂ ಕಮ್ಮಿ. ಗ್ರೀಸ್ ಹೊಡಿಯೋದು, ಚೈನ್ ಬಿಗಿ ಮಾಡೋದು ಬರೇ ಮಷೀನ್ ಬಾಳಿಕಿ ಸಲುವಾಗಿ ಅಂತ ತಿಳಕೊಂಡವ್ರು ಇದನ್ನ ಪೂರ್ತಿ ಓದ್ರಿ.

ಹೆಡ್ಡರ್ ಒಳಗ ಏನ್ ನಡೀತೈತಿ

ಮುಂದ ಚೂಪಾಗಿ ಕಾಣ್ತಾವಲ್ಲ, ಆ ಮೂತಿಗಳು ಸಾಲಿನ ನಡುವ ನುಗ್ಗಿ ದಂಟನ್ನ ಎರಡು ಮೂತಿ ನಡುವಿನ ಸಂದಿಗೆ ಸರಸ್ತಾವ. ಅಲ್ಲಿ ಎರಡು ಕಡೆ ಹಲ್ಲಿನ ಚೈನ್ ಇರ್ತಾವ, ಅವು ದಂಟನ್ನ ಹಿಡದು ಹಿಂದಕ್ಕ ಎಳೀತಾವ. ಚೈನಿನ ಕೆಳಗ ಎರಡು ಪ್ಲೇಟು, ಪ್ಲೇಟಿನ ಕೆಳಗ ಒಂದಕ್ಕೊಂದು ಎದುರು ತಿರಗೋ ಜೋಡಿ ರೋಲರ್. ರೋಲರ್ ದಂಟನ್ನ ಕೆಳಗ ಎಳದಾಗ ತೆನಿ ಪ್ಲೇಟಿನ ಸಂದಿನ್ಯಾಗ ಇಳಿಯಂಗಿಲ್ಲ, ಅಲ್ಲೇ ಬಡದು ಮುರೀತೈತಿ. ಮುರದ ತೆನಿನ ಚೈನ್ ಹಿಂದಕ್ಕ ತಂದು ಅಡ್ಡ ಸ್ಕ್ರೂಗೆ ಹಾಕ್ತಾವ, ಸ್ಕ್ರೂ ಅದನ್ನ ನಡುವಿನ ಫೀಡರ್‌ಗೆ ದೂಡ್ತೈತಿ, ಅಲ್ಲಿಂದ ಕಾಳು ಬಿಡಸೋ ಡ್ರಮ್ಮಿಗೆ.

ಈಗ ಆ ರೋಲರ್ ಎಷ್ಟು ಜೋರು ಎಳೀತಾವ ಅಂತ ಲಕ್ಷ್ಯ ಕೊಡ್ರಿ. ಒಂದು ಸೆಕೆಂಡಿಗೆ ಸುಮಾರು 12 ಅಡಿ ದಂಟು ಒಳಗ ಹೋಗ್ತೈತಿ. ಕೈಯಾಗ ಹಿಡದಿದ್ದನ್ನ ಬಿಡಬೇಕು ಅಂತ ತಲಿಗೆ ಹೊಳದು ಬೆರಳು ಬಿಚ್ಚೋದ್ರೊಳಗ ಅರ್ಧ ಸೆಕೆಂಡ್ ಹೋಗಿರ್ತೈತಿ, ಅಷ್ಟರಾಗ ಆರು ಅಡಿ ದಂಟು ಒಳಗ ಹೋಗಿ ಮುಗದಿರ್ತೈತಿ. ನಿಮ್ಮ ಕೈಯಿಂದ ರೋಲರ್ ತನಕ ಇರೋದು ಎರಡೇ ಅಡಿ. ನಾ ಚುರುಕದೀನಿ, ಬಿಟ್ಟುಬಿಡ್ತೀನಿ ಅನ್ನೋ ಧೈರ್ಯ ಇಲ್ಲಿ ಕೆಲಸಕ್ಕ ಬರಂಗಿಲ್ಲ, ಯಾರದೂ ಬರಂಗಿಲ್ಲ. ಕಾಲಿಂದ ಒದ್ದು ದೂಡೋರೂ ಅದಾರ, ಅದಂತೂ ಇನ್ನೂ ಕೆಟ್ಟದ್ದು, ಯಾಕಂದ್ರ ದಂಟು ಒಮ್ಮೆಲೆ ಸಡ್ಲ ಆದ್ರ ಮೈಭಾರ ಪೂರ್ತಿ ಮುಂದಕ್ಕ ಬೀಳ್ತೈತಿ.

ಜಾಮ್ ಆದಾಗ ಏನ್ ಮಾಡ್ಬೇಕಂದ್ರ, ಮಷೀನ್ ಮುಂದಕ್ಕ ಹೋಗೋದು ನಿಲ್ಲಸ್ರಿ, ಹೆಡ್ಡರಿನ ರಿವರ್ಸ್ ಇದ್ರ ಕ್ಯಾಬಿನ್ಯಾಗ ಕುಂತೇ ಒಮ್ಮೆ ತಿರುವಿ ನೋಡ್ರಿ. ಹೋಗಲಿಲ್ಲ ಅಂದ್ರ ಹೆಡ್ಡರಿನ ಕ್ಲಚ್ ಬಿಡ್ಸಿ, ಇಂಜಿನ್ ಬಂದ್ ಮಾಡಿ, ಚಾವಿ ಕಿತ್ತು ನಿಮ್ಮ ಕಿಸೆದಾಗ ಹಾಕ್ಕೊಂಡು, ತಿರಗೋದೆಲ್ಲಾ ಪೂರ್ತಿ ನಿಂತಿದ್ದನ್ನ ಕಣ್ಣಿಲೆ ನೋಡಿ ಕೆಳಗಿಳೀರಿ. ಚಾವಿ ಕಿಸೆದಾಗ ಅಂತ ಯಾಕ ಒತ್ತಿ ಹೇಳ್ತೀನಂದ್ರ, ಕೆಳಗ ಒಬ್ಬ ದಂಟು ಬಿಡಸ್ತಿರ್ತಾನ, ಮ್ಯಾಲಿದ್ದ ಹೆಲ್ಪರ್ ಹುಡುಗ ಆತಣ್ಣಾ ಅಂತ ಕೇಳಿ ಉತ್ತರ ಸರಿಯಾಗಿ ಕೇಳಿಸ್ಕೊಳ್ಳದಂಗ ಸೆಲ್ಫ್ ಹೊಡೀತಾನ. ಯಾರು ಕೈ ಹಾಕ್ತಾರೋ ಚಾವಿ ಅವರ ಹತ್ರಾನೇ ಇರ್ಬೇಕು. ದಂಟು ತಗಿಯಾಕ ಒಂದು ಕಬ್ಬಿಣದ ಕೊಕ್ಕಿ ಮತ್ತ ಕುಡಗೋಲು ಇಟ್ಕೊಳ್ರಿ, ಇಂಜಿನ್ ಬಂದ್ ಆದ್ರೂ ಸಿಕ್ಕೊಂಡ ರೋಲರಿನ್ಯಾಗ ಬಿಗಿ ಇರ್ತೈತಿ, ದಂಟು ಕತ್ತರಿಸಿದ ಕೂಡ್ಲೆ ಅದು ಅರ್ಧ ಸುತ್ತು ತಿರಗಬಹುದು.

ಹೆಡ್ಡರ್ ಎತ್ತಿ ಕೆಳಗ ಹೋಗೋ ಕೆಲಸ ಇದ್ರ ಸಿಲಿಂಡರಿನ ಲಾಕ್ ಪಟ್ಟಿ ಬೀಳಿಸದ ಹೋಗಬ್ಯಾಡ್ರಿ. ಹೈಡ್ರಾಲಿಕ್ ಪೈಪ್ ಒಡದ್ರ ಅಥವಾ ಯಾರೋ ಲಿವರ್ ಮುಟ್ಟಿದ್ರ ಅಷ್ಟೂ ಭಾರ ಒಮ್ಮೆಗೆ ಇಳೀತೈತಿ. ಲಾಕ್ ಮುರದಿದ್ರ ದಪ್ಪ ಕಟಿಗಿ ದಿಮ್ಮಿ ಕೊಟ್ಟು ಅದರ ಮ್ಯಾಲ ಹೆಡ್ಡರ್ ಕುಂದ್ರಸ್ರಿ. ಹೊಲದಾಗ ಸಿಕ್ಕ ಕಲ್ಲು ಒಂದರ ಮ್ಯಾಲೊಂದು ಇಟ್ಟು ಹೋಗೋದು ಬ್ಯಾಡ, ಎರಿ ಹೊಲದಾಗ ಕಲ್ಲು ಹುಗಿತಾವ, ಜಾರತಾವ. ಹೈಡ್ರಾಲಿಕ್ ಎಣ್ಣಿ ಎಲ್ಲಿ ಸೋರತೈತಿ ಅಂತ ಬರೇ ಬೆರಳಿಲೆ ಸವರಿ ನೋಡೋದೂ ಬ್ಯಾಡ, ಸಣ್ಣ ತೂತಿನಿಂದ ಬರೋ ಎಣ್ಣಿ ಚರ್ಮದೊಳಗೇ ತೂರಿ ಹೋಗ್ತೈತಿ, ರಟ್ಟಿನ ತುಂಡು ಹಿಡದು ನೋಡ್ರಿ.

ಟ್ರ್ಯಾಕ್ಟರಿಗೆ ಜೋಡಿಸೋ ಮಷೀನ್ ಇದ್ದವ್ರಿಗೆ ಪಿಟಿಒ ಶಾಫ್ಟಿನ, ಅಂದ್ರ ಟ್ರ್ಯಾಕ್ಟರಿನ ಶಕ್ತಿ ಮಷೀನಿಗೆ ಒಯ್ಯೋ ತಿರಗೋ ಶಾಫ್ಟಿನ ಮಾತು. ನಿಮಿಷಕ್ಕ 540 ಸುತ್ತು ಅಂದ್ರ ಸೆಕೆಂಡಿಗೆ 9 ಸುತ್ತು. ಟವೆಲ್ಲಿನ ಒಂದು ಎಳಿ, ಲುಂಗಿ ಅಂಚು, ಸೀರಿ ಸೆರಗು ಹಿಡದ್ರ ಸಾಕು. ಮ್ಯಾಲಿನ ಪ್ಲಾಸ್ಟಿಕ್ ಗಾರ್ಡ್ ಒಡದಿದ್ರ ಹೊಸಾದು ಹಾಕ್ಸಿ, ಅದಕ್ಕಾಗೋ ರೊಕ್ಕಾ ಒಂದಿನದ ಬಾಡಿಗಿಗಿಂತ ಜಾಸ್ತಿ ಇರಂಗಿಲ್ಲ. ಹೆಗಲ ಮ್ಯಾಲ ಟವೆಲ್ ಹಾಕ್ಕೊಂಡು ಮಷೀನ್ ಹತ್ರ ಬರೋ ಹಿರೇರಿಗೆ ಕೈ ಮುಗದಾದ್ರೂ ಹೇಳ್ರಿ, ಕಾಕಾ, ಟವೆಲ್ ತಲಿಗೆ ಬಿಗಿಯಾಗಿ ಸುತ್ತಿ ತುದಿ ಒಳಗ ಸಿಗಸ್ರಿ ಅಂತ.

ಹೊಲಕ್ಕ ಇಳಿಯೋಕ್ಕಿಂತ ಮೊದ್ಲು

ಕಾಳಿನ ಬುಡದಾಗ ಕರೇ ಚುಕ್ಕಿ ಬಂದಿದ್ರ ಕಾಳು ಬಲ್ತೈತಿ ಅಂತ ಅರ್ಥ, ಆದ್ರ ಆಗ ಇನ್ನೂ 30 ಪರ್ಸೆಂಟಿನ ಮ್ಯಾಲ ಹಸಿ ಇರ್ತೈತಿ, ಮಷೀನಿಗೆ ಅದು ಬ್ಯಾಡ. ಹಸಿ ಕಾಳು ಡ್ರಮ್ಮಿನ್ಯಾಗ ಜಜ್ಜತಾವ, ರವದಿ ಒದ್ದಿ ಇದ್ದು ರೋಲರಿಗೆ ಸುತಗೋತೈತಿ. 20ರ ಆಸುಪಾಸು ಬಂದಾಗ ಮಷೀನ್ ತರಸ್ರಿ, ಮಾರಾಕ ಇಲ್ಲಾ ಚೀಲ ಕಟ್ಟಿ ಇಡಾಕ 14ಕ್ಕ ಇಳಿಬೇಕು, ಅದಕ್ಕ ಕಣದಾಗ ಒಣಗಸೋದು ಬೇಕೇ ಬೇಕು. ಪೂರ್ತಿ ಒಣಗ್ಲಿ ಅಂತ ಬಹಳ ದಿನ ಬಿಟ್ರೂ ತ್ರಾಸು, ದಂಟು ಕೊಳೆ ರೋಗ ಬಂದ ಹೊಲದಾಗ ಗಾಳಿಗೆ ದಂಟು ಮಲಗ್ತಾವ, ಮಲಗಿದ್ದನ್ನ ಹೆಡ್ಡರ್ ಎತ್ತಾಕ ಒದ್ದಾಡ್ತೈತಿ. ಹೊಲದಾಗ ಅಲ್ಲಲ್ಲಿ ನಿಂತು ನೂರು ದಂಟು ಎದಿ ಮಟ್ಟದಾಗ ಕೈಲೆ ಸ್ವಲ್ಪ ದೂಡಿ ನೋಡ್ರಿ, ಹತ್ತು ಹದಿನೈದರ ಮ್ಯಾಲ ಬಿದ್ದ್ರ ಆ ಹೊಲ ಮೊದ್ಲು ಕೊಯ್ಸಿ.

ಸಾಲಿನ ಅಂತರದ ವಿಷಯ ಬಿತ್ತೋ ಮೊದ್ಲೇ ವಿಚಾರ ಮಾಡಬೇಕಾದ್ದು. ನಮ್ಮ ಕಡೆ ಬಹಳ ಮಂದಿ 2 ಅಡಿ ಸಾಲು ಹಚ್ತಾರ, ಹೆಡ್ಡರ್ ಎರಡೂವರೆ ಅಡಿ ಸಾಲಿನದಿದ್ರ ಅಂಚಿನ ಸಾಲಿನ ದಂಟು ಓರೆ ಆಗಿ ಒಳಗ ಹೋಗ್ತಾವ, ತೆನಿ ಉದುರತಾವ. ಬಾಡಿಗಿ ಮಾತಾಡುವಾಗ ಎಕರೆಗೆ ಎಷ್ಟು, ತಾಸಿಗೆ ಎಷ್ಟು ಅಂತ ಕೇಳೋದ್ರ ಜೊತಿಗೆ ನಿಮ್ಮ ಹೆಡ್ಡರ್ ಎಷ್ಟು ಸಾಲಿಂದು, ಸಾಲಿಗೆ ಎಷ್ಟು ಅಂತರ ಅಂತನೂ ಕೇಳ್ರಿ. ನಾಕು ಸಾಲಿನ ಕೂರಿಗಿಲೆ ಬಿತ್ತಿದ್ರ ಹೆಡ್ಡರ್ ನಾಕು ಇಲ್ಲಾ ಎರಡು ಸಾಲಿಂದೇ ಚಲೋ, ಯಾಕಂದ್ರ ಕೂರಿಗಿ ತಿರುವಿ ಬಂದ ಜಾಗದಾಗ ಸಾಲಿನ ಅಂತರ ಹೆಚ್ಚುಕಮ್ಮಿ ಇರ್ತೈತಿ, ಹೆಡ್ಡರ್ ಆ ಜಾಗ ದಾಟಿ ಎರಡು ಕಡಿ ಸಾಲು ಹಿಡಿಬಾರ್ದು.

ಹಿಂದಿನ ದಿನ ರೈತ್ರು ಹೊಲ ಒಂದು ಸುತ್ತು ತಿರಗಾಡ್ರಿ. ಮಸಾರಿ ಹೊಲದಾಗ ಎದ್ದ ಕಲ್ಲು, ಬೋರಿನ ಪೈಪು, ಡ್ರಿಪ್ಪಿನ ಲ್ಯಾಟರಲ್, ಹಂದಿ ಬರ್ತಾವಂತ ಕಟ್ಟಿದ ತಂತಿ ಮತ್ತ ಹಳೇ ಸೀರಿ, ಇವೆಲ್ಲಾ ತಗೀರಿ, ತಗಿಯಾಕಾಗದ್ದಕ್ಕ ಕೋಲು ನೆಟ್ಟು ಬಣ್ಣದ ಅರಿವಿ ಕಟ್ರಿ. ಎತ್ತರದ ಬೆಳಿಯಾಗ ಡ್ರೈವರಿಗೆ ನೆಲ ಕಾಣಂಗಿಲ್ಲ. ತೆರದ ಬಾವಿ, ಕೃಷಿಹೊಂಡ ಇದ್ರ ಅಂಚಿನಿಂದ ದೂರ ಗುರ್ತು ಮಾಡ್ರಿ. ಹಿಂಗಾರಿ ಮಳಿ ಬಂದ ಎರಿ ಹೊಲಕ್ಕ ಅವಸರ ಮಾಡಿ ಇಳಸಬ್ಯಾಡ್ರಿ, ಹುಗದ ಮಷೀನ್ ಎಳಿಯಾಕ ಇನ್ನೊಂದು ಟ್ರ್ಯಾಕ್ಟರ್ ಬಂದು, ಹಗ್ಗ ಹರದು, ಅಲ್ಲೇ ಬ್ಯಾರೆ ಅಪಘಾತ ಆಗ್ತಾವ.

ಮ್ಯಾಲೂ ನೋಡ್ರಿ. ಪಂಪ್‌ಸೆಟ್ಟಿಗೆ ಎಳದ ಲೈನು ಎಷ್ಟೋ ಹೊಲದಾಗ ಜೋತು ಬಿದ್ದಿರ್ತೈತಿ, ಮಷೀನಿನ ಮ್ಯಾಲಿನ ಟ್ಯಾಂಕು, ಕಾಳು ಸುರಿಯೋ ಪೈಪು ತಂತಿಗೆ ತಾಗತಾವ. ತಂತಿ ಕೆಳಗ ಟ್ರೇಲರ್ ನಿಲ್ಲಿಸಿ ಕಾಳು ಇಳಸಬ್ಯಾಡ್ರಿ. ಜೋತು ಬಿದ್ದಿದ್ರ ಕರೆಂಟ್ ಕಂಪನಿ ಜೆಸ್ಕಾಂನ 1912ಕ್ಕ ಫೋನ್ ಮಾಡಿ ಮೊದ್ಲೇ ತಿಳಸ್ರಿ. ಅಕಸ್ಮಾತ್ ತಾಗಿದ್ರ ಡ್ರೈವರ್ ಸೀಟಿನ್ಯಾಗೇ ಕುಂದರಬೇಕು, ಲೈನ್ ಬಂದ್ ಮಾಡಸೋ ತನಕ ಯಾರೂ ಮಷೀನ್ ಮುಟ್ಟಬಾರ್ದು. ಬೆಂಕಿ ಹತ್ತಿ ಇಳಿಲೇಬೇಕು ಅಂದ್ರ ಎರಡೂ ಕಾಲು ಜೋಡಿಸಿ ಹೊರಗ ಹಾರಬೇಕು, ಒಂದು ಕೈ ಮಷೀನ್ ಮ್ಯಾಲ ಒಂದು ಕಾಲು ನೆಲದ ಮ್ಯಾಲ ಆಗಂಗ ಇಳಿಬಾರ್ದು, ಆಮ್ಯಾಲನೂ ಪಾದ ಜೋಡಿಸ್ಕೊಂಡೇ ಸಣ್ಣ ಸಣ್ಣ ಹೆಜ್ಜಿ ಸರಕೋಂತ ದೂರ ಹೋಗಬೇಕು.

ಡ್ರೈವರ್ ಹೊರಗಿನ ರಾಜ್ಯದಿಂದ ಬಂದವ್ರಾಗಿದ್ರ ಭಾಷೆ ತಿಳಿಯಂಗಿಲ್ಲ. ಸುರು ಮಾಡೋಕ್ಕಿಂತ ಮೊದ್ಲು ಎರಡು ಮೂರು ಕೈಸನ್ನಿ ಮಾತಾಡ್ಕೊಳ್ರಿ, ನಿಲ್ಲಸು, ಇಂಜಿನ್ ಬಂದ್ ಮಾಡು, ಹಿಂದ ಬಾ, ಇಷ್ಟಾದ್ರೂ ಸಾಕು. ಇನ್ನ ಹಕ್ಕಲ ಆರಸಾಕ ಬರೋ ಹೆಣ್ಮಕ್ಕಳು, ಹುಡುಗ್ರು, ಕುರಿ ಬಿಡಾಕ ಕಾಯ್ಕೊಂಡು ನಿಂತ ಕುರಿಗಾರ್ರು. ಬಿದ್ದ ತೆನಿ ಮೊದ್ಲು ನಮಗ ಸಿಗ್ಲಿ ಅಂತ ಮಷೀನಿನ ಬೆನ್ನಿಗೇ ಬರ್ತಾರ, ಕೆಲವ್ರು ಮುಂದಿನ ಸಾಲಿನ್ಯಾಗೇ ಕುಂತು ಆರಸ್ತಿರ್ತಾರ, ಆರಡಿ ಎಂಟಡಿ ಬೆಳಿಯಾಗ ಕುಂತೋರು ಕಾಣಂಗಿಲ್ಲ. ಹಕ್ಕಲ ಅವರ ಹೊಟ್ಟಿಪಾಡು, ಅದನ್ನ ಬ್ಯಾಡ ಅನಬ್ಯಾಡ್ರಿ, ಆದ್ರ ಮಷೀನ್ ಆ ಹೊಲ ಬಿಟ್ಟು ಹೊರಗ ಹೋದ ಮ್ಯಾಲೇ ಇಳೀರಿ ಅಕ್ಕಾ ಅಂತ ರೈತರೇ ನಿಂತು ಹೇಳಬೇಕು. ಡ್ರೈವರಿಗೆ ಅದು ಆಗೋ ಮಾತಲ್ಲ.

ಸೆಟ್ಟಿಂಗ್ ಮತ್ತ ಓಡಸೋದು

ಎಲ್ಲಕ್ಕಿಂತ ದೊಡ್ಡದು ಪ್ಲೇಟಿನ ಸಂದು. ದಂಟಿಗಿಂತ ಸ್ವಲ್ಪ ದೊಡ್ಡದು, ತೆನಿ ಬುಡಕ್ಕಿಂತ ಸಣ್ಣದು ಇರ್ಬೇಕು. ಸಾಮಾನ್ಯವಾಗಿ ಮುಂದ ಒಂದೂಕಾಲು ಇಂಚು, ಅಂದ್ರ 30 ರಿಂದ 32 ಮಿಲಿಮೀಟರ್, ಹಿಂದ ಅದಕ್ಕಿಂತ 3 ಮಿಲಿಮೀಟರ್ ಜಾಸ್ತಿ ಇಟ್ಟು ಸುರು ಮಾಡ್ರಿ. ಹಿಂದ ಅಗಲ ಯಾಕಂದ್ರ ಎಲಿ, ರವದಿ ಬಿಗಿಯಾಗಿ ಸಿಕ್ಕೊಳ್ಳದಂಗ ಕೆಳಗ ಜಾರಿ ಹೋಗ್ಲಿ ಅಂತ. ಸಂದು ಬಹಳ ಅಗಲ ಆದ್ರ ತೆನಿ ಬುಡ ರೋಲರಿಗೆ ತಾಗಿ ಕಾಳು ಅಲ್ಲೇ ಉದುರತಾವ, ಹೆಡ್ಡರ್ ಕೆಳಗ ನೆಲದ ಮ್ಯಾಲ ಬಿಡಿ ಕಾಳು ಕಾಣ್ತಾವ. ಬಹಳ ಇಕ್ಕಟ್ಟು ಆದ್ರ ದಂಟು ಮುರದು ತೆನಿ ಜೊತಿಗೆ ಒಳಗ ಹೋಗ್ತೈತಿ, ಜಾಮ್ ಅಲ್ಲಿಂದ ಸುರು. ಬೋರಿನ ನೀರಿನ ಬೆಳಿಯಾಗ ದಂಟು ದಪ್ಪ, ಮಳಿ ನಂಬಿದ ಬೆಳಿಯಾಗ ಸಣ್ಣ, ಹಂಗಾಗಿ ಹೊಲ ಬದಲಿ ಆದಂಗ ನೋಡಬೇಕು. ಡ್ರೈವರ್ ಅಣ್ಣಾರು ಇದೊಂದಕ್ಕ ಬ್ಯಾಸರ ಮಾಡ್ಕೊಬಾರ್ದು.

ವೇಗ ತಾಸಿಗೆ 4–5 ಕಿಲೋಮೀಟರಿಂದ ಸುರು ಮಾಡಿ ಹೆಡ್ಡರ್ ಕಡೆ ಕಣ್ಣಿಟ್ಟು ನೋಡ್ರಿ. ದಂಟು ಮುಂದಕ್ಕ ಬಾಗಿ ಮಲಗ್ತಿದ್ರ ಮಷೀನ್ ಓಟ ಜಾಸ್ತಿ ಆತು ಅಂತ ಅರ್ಥ, ದಂಟು ಬೇರು ಸಮೇತ ಕಿತ್ತು ಬರ್ತಿದ್ರ ಚೈನ್ ಓಟ ಜಾಸ್ತಿ. ದಂಟು ನೆಟ್ಟಗ ನಿಂತಂಗೇ ಕೆಳಗ ಇಳದು ಮಾಯ ಆಗ್ಬೇಕು, ತೆನಿ ಪ್ಲೇಟಿನ ನಡುಭಾಗದಾಗ ಮುರೀಬೇಕು. ಮಲಗಿದ ಬೆಳಿಯಿದ್ರ ಮೂತಿ ಪೂರ್ತಿ ತಗ್ಗಿಗೆ ಇಳಿಸಿ, ದಂಟು ಮಲಗಿದ ದಿಕ್ಕಿನ ಎದುರಿನಿಂದ ನಿಧಾನಕ್ಕ ಹೋಗ್ರಿ.

ಭತ್ತದ ಮಷೀನಿಗೆ ಈ ಹೆಡ್ಡರ್ ಹಾಕಿದವ್ರು ಮುಂದಿಂದು ಬದಲಿ ಮಾಡಿ ಒಳಗಿಂದು ಹಂಗೇ ಬಿಡ್ತಾರ, ಕಾಳು ಒಡೆಯಾಕ ಅದೇ ಕಾರಣ. ಡ್ರಮ್ಮಿನ ಸುತ್ತು ಭತ್ತಕ್ಕಿಂತ ಕಮ್ಮಿ ಮಾಡ್ಬೇಕು, ಕೆಳಗಿನ ಜಾಲರಿ ಮೆಕ್ಕೆಜೋಳದ್ದು ಹಾಕಿ ಸಂದು ಅಗಲ ಮಾಡ್ಬೇಕು, ಎಷ್ಟು ಅನ್ನೋದು ನಿಮ್ಮ ಮಷೀನಿನ ಪುಸ್ತಕದಾಗ ಇರ್ತೈತಿ. ಹಿಂದ ಬೀಳೋ ಬೆಂಡು ಕೈಯಾಗ ತಗೊಂಡು ನೋಡ್ರಿ. ಇಡೀ ಬೆಂಡು, ಕಾಳಿಲ್ಲದಂಗ ಬಂದ್ರ ಸೆಟ್ಟಿಂಗ್ ಬರೋಬರಿ. ತುಂಡು ತುಂಡು ಬಂದ್ರ ಡ್ರಮ್ ಜೋರು ಇಲ್ಲಾ ಸಂದು ಇಕ್ಕಟ್ಟು, ಬೆಂಡಿನ ಮ್ಯಾಲ ಕಾಳು ಉಳದಿದ್ರ ಅದರ ಉಲ್ಟಾ.

ನಷ್ಟ ಎಷ್ಟಾತು ಅಂತ ಅಳೆಯಾಕ ಸುಲಭ ದಾರಿ ಐತಿ. ಮೊದಲನೇ ಸುತ್ತಿನ್ಯಾಗ ಸ್ವಲ್ಪ ದೂರ ಕೊಯ್ದು ಮಷೀನ್ ನಿಲ್ಲಿಸಿ, ಇಪ್ಪತ್ತು ಅಡಿ ಹಿಂದಕ್ಕ ತಗೊಂಡು ಇಂಜಿನ್ ಬಂದ್ ಮಾಡ್ರಿ. ಹಗ್ಗದಿಂದ 2 ಅಡಿ ಅಗಲ 5 ಅಡಿ ಉದ್ದದ ಚೌಕ ಮಾಡಿ ನೆಲದ ಮ್ಯಾಲ ಇಟ್ಟು ಬಿದ್ದ ಕಾಳು ಎಣಸ್ರಿ. ಆ 10 ಚದರಡಿಯಾಗ 20 ಕಾಳು ಇದ್ರ ಎಕರೆಗೆ ಸುಮಾರು 25 ಕೆಜಿ ಹೋಗಾಕತ್ತೈತಿ, 80 ಕಾಳು ಇದ್ರ ಒಂದು ಕ್ವಿಂಟಲ್. ಹೆಡ್ಡರ್ ಅಷ್ಟೇ ದಾಟಿದ ಜಾಗದಾಗ ಕಾಳು ಜಾಸ್ತಿ ಇದ್ರ ತಪ್ಪು ಹೆಡ್ಡರಿಂದು, ಪೂರ್ತಿ ಮಷೀನ್ ದಾಟಿದ ಜಾಗದಾಗ ಮಾತ್ರ ಜಾಸ್ತಿ ಇದ್ರ ತಪ್ಪು ಒಳಗಿನ ಡ್ರಮ್ಮಿಂದು ಇಲ್ಲಾ ಜರಡಿದು. ಮಷೀನ್ ಇನ್ನೂ ಮುಟ್ಟದ ಬೆಳಿಯಾಗೇ ತೆನಿ ಬಿದ್ದಿದ್ರ ಅದಕ್ಕ ಡ್ರೈವರ್ ಜೊತಿ ಜಗಳ ಮಾಡಬ್ಯಾಡ್ರಿ. ತೆನಿ ಲೆಕ್ಕಕ್ಕ ನಾಕು ಸಾಲು, 54 ಅಡಿ ಉದ್ದ ಹಿಡೀರಿ, 2 ಅಡಿ ಸಾಲಿದ್ರ ಅದು ಎಕರೆಯ ನೂರನೇ ಒಂದು ಪಾಲು, ಅಲ್ಲಿ ಬಿದ್ದ ಒಂದೊಂದು ಮಧ್ಯಮ ತೆನಿಗೆ ಎಕರೆಗೆ 15 ಕೆಜಿ ಹೋತು.

ಕಾಳು ಇಳಸುವಾಗ ಟ್ಯಾಂಕಿನ ಮೂಲಿಯಾಗ ಉಳದ ಕಾಳು ಕಾಲಿಲೆ ದೂಡಾಕ ಹೆಲ್ಪರ್ ಹುಡುಗರು ಒಳಗ ಇಳೀತಾರ. ಅಲ್ಲಿ ಕೆಳಗ ಸ್ಕ್ರೂ ತಿರಗತಿರ್ತೈತಿ, ಕಾಳಿನ್ಯಾಗ ಮುಚ್ಚಿರ್ತೈತಿ, ಕಾಣಂಗಿಲ್ಲ. ಉದ್ದ ಕೋಲಿಗೆ ಹಲಗಿ ಹೊಡದು ಹೊರಗ ನಿಂತು ದೂಡ್ಲಿ, ಒಳಗ ಯಾರೂ ಬ್ಯಾಡ.

ಬೆಂಕಿ ಬಗ್ಗೆ ಬ್ಯಾರೆನೇ ಹೇಳಬೇಕು. ಒಣಾ ರವದಿ, ಎಣ್ಣಿ ಜಿಡ್ಡು, ಬಿಸಿ ಸೈಲೆನ್ಸರ್, ತಿಂದ ಬೇರಿಂಗ್ ಇಷ್ಟು ಕೂಡಿದ್ರ ಮಷೀನ್ ಉಳಿಯಂಗಿಲ್ಲ, ಗಾಳಿ ಇದ್ರ ಪಕ್ಕದ ಹೊಲಾನೂ ಹೋಗ್ತೈತಿ. ದಿನಾ ಮುಂಜಾನಿ ಕಂಪ್ರೆಸರ್ ಗಾಳಿ ಹೊಡದು ಇಂಜಿನ್ ಸುತ್ತ, ಹೆಡ್ಡರಿನ ಗೇರ್‌ಬಾಕ್ಸ್ ಸುತ್ತ, ಶಾಫ್ಟಿನ ತುದಿಗೆ ಸುತ್ತಿದ ರವದಿ ತಗೀರಿ, ಮಧ್ಯಾಹ್ನ ಊಟದ ಹೊತ್ತಿನ್ಯಾಗ ಇನ್ನೊಮ್ಮೆ. ಪೌಡರಿನ ಬೆಂಕಿ ಆರಿಸೋ ಸಿಲಿಂಡರ್ ಒಂದು ಕ್ಯಾಬಿನ್ಯಾಗ, ಒಂದು ಕೆಳಗ ನಿಂತೋರಿಗೆ ಎಟಕಂಗ ಇರ್ಲಿ, ರೈತರು ಔಷಧ ಹೊಡಿಯೋ ಟ್ಯಾಂಕಿನ್ಯಾಗ ಬರೇ ನೀರು ತುಂಬಿ ಹೊಲದ ಬದುವಿಗೆ ನಿಲ್ಲಸ್ರಿ. ಡೀಸೆಲ್ ಹಾಕುವಾಗ ಇಂಜಿನ್ ಬಂದ್, ಬೀಡಿ ಬಂದ್.

ಇಷ್ಟೆಲ್ಲಾ ಆಗಿಯೂ ಯಾರದ್ದಾದ್ರೂ ಕೈ ಸಿಕ್ಕೊಂಡ್ರ ಮೊದ್ಲು ಇಂಜಿನ್ ಬಂದ್ ಮಾಡ್ರಿ. ರಿವರ್ಸ್ ತಿರುವಿ ತಗಿತೀನಂತ ಹೋಗಬ್ಯಾಡ್ರಿ, ಇನ್ನಷ್ಟು ಸೀಳ್ತೈತಿ. 108ಕ್ಕ ಫೋನ್ ಮಾಡಿ, ಮೆಕ್ಯಾನಿಕ್ ಕರದು ಬೋಲ್ಟ್ ಬಿಚ್ಚಿ ರೋಲರ್ ಸಡ್ಲ ಮಾಡಿ ಬಿಡಸಬೇಕು. ರಕ್ತ ಹೋಗೋ ಜಾಗಕ್ಕ ಸ್ವಚ್ಛ ಅರಿವಿ ಇಟ್ಟು ಒತ್ತಿ ಹಿಡೀರಿ, ತಗದು ತಗದು ನೋಡಬ್ಯಾಡ್ರಿ. ಬೆರಳು ತುಂಡಾಗಿದ್ರ ಅದನ್ನ ಒದ್ದಿ ಮಾಡಿ ಹಿಂಡಿದ ಸ್ವಚ್ಛ ಬಟ್ಟಿಯಾಗ ಸುತ್ತಿ ಪ್ಲಾಸ್ಟಿಕ್ ಚೀಲದಾಗ ಕಟ್ಟಿ, ಆ ಚೀಲವನ್ನ ಐಸಿನ ಮ್ಯಾಲ ಇಟ್ಟು ಜೊತಿಗೆ ಕಳಸ್ರಿ. ನೇರ ಐಸಿಗೆ ಇಲ್ಲಾ ನೀರಿಗೆ ಹಾಕಬಾರ್ದು. ಅರಿಶಿಣ, ಮಣ್ಣು, ಕಾಫಿಪುಡಿ ಯಾವ್ದೂ ಗಾಯಕ್ಕ ಹಚ್ಚಬ್ಯಾಡ್ರಿ.

ದಿನದ ಕೆಲಸ, ಸೀಜನ್ ಮುಗದ ಮ್ಯಾಲಿನ ಕೆಲಸ

ಸಂಜಿಗೆ ಮಷೀನ್ ನಿಲ್ಲಿಸಿದ ಕೂಡ್ಲೆ ಚೈನ್ ಬಿಸಿ ಇದ್ದಾಗ ಎಣ್ಣಿ ಹಾಕಿದ್ರ ಒಳಗ ಇಳೀತೈತಿ, ಮುಂಜಾನಿ ತಣ್ಣಗಾದ ಚೈನಿಗೆ ಹಾಕಿದ್ರ ಮ್ಯಾಲೇ ಉಳದು ಧೂಳು ಹಿಡೀತೈತಿ. ಎಣ್ಣಿ ಹಾಕುವಾಗ ಚೈನ್ ತಿರಗಸೋದು ಕೈಲೆ, ಇಂಜಿನ್ನಿಲೆ ಅಲ್ಲ. ಗ್ರೀಸ್ ನಿಪ್ಪಲ್ ಎಲ್ಲೆಲ್ಲಿ ಅದಾವ ಅಂತ ಎಣಿಸಿ ಕ್ಯಾಬಿನ್ಯಾಗ ಬರದು ಹಚ್ರಿ, ಡ್ರೈವರ್ ಬದಲಿ ಆದ್ರೂ ತಪ್ಪಂಗಿಲ್ಲ. ಗ್ರೀಸ್ ಹೊಡಿಯೋ ಮೊದ್ಲು ನಿಪ್ಪಲ್ ಒರಸ್ರಿ, ಇಲ್ಲಂದ್ರ ಮಣ್ಣನ್ನೇ ಬೇರಿಂಗಿಗೆ ತುಂಬಿದಂಗ. ಮಧ್ಯಾಹ್ನ ಮಷೀನ್ ನಿಲ್ಲಿಸಿದಾಗ ಬೇರಿಂಗ್ ಮನಿಗಳ ಹತ್ರ ಅಂಗೈ ತಂದು ನೋಡ್ರಿ, ಎಲ್ಲಾ ಒಂದೇ ಹದ ಬೆಚ್ಚಗಿದ್ದು ಒಂದು ಮಾತ್ರ ಸುಡ್ತಿದ್ರ ಅದರ ಆಯುಷ್ಯ ಮುಗೀತು, ಅವತ್ತೇ ಬದಲಿ ಮಾಡ್ರಿ.

ಚೈನ್ ಸಡ್ಲ ಆದ್ರ ಹಲ್ಲು ಹಾರತೈತಿ, ಬಹಳ ಬಿಗಿ ಆದ್ರ ಲಗೂನ ಸವೀತೈತಿ. ಬಿಚ್ಚಿ ಜೋಡಿಸುವಾಗ ಎರಡೂ ಕಡೆ ಚೈನಿನ ಹಲ್ಲು ಹೆಂಗ ಎದುರುಬದುರು ಇದ್ದವು ಅಂತ ಮೊಬೈಲಿನ್ಯಾಗ ಫೋಟೊ ತಕ್ಕೊಂಡು ಬಿಚ್ರಿ. ರೋಲರಿನ ಅಂಚು ಬೋಳಾಗಿ ಹೊಳಪು ಬಂದಿದ್ರ ದಂಟು ಜಾರತೈತಿ, ಎಳಿಯಂಗಿಲ್ಲ. ಒಂದನ್ನೇ ಬದಲಿ ಮಾಡಬ್ಯಾಡ್ರಿ, ಜೋಡಿನೇ ಹಾಕ್ರಿ, ಹಾಕಿದ ಮ್ಯಾಲ ಕೈಲೆ ಒಂದು ಸುತ್ತು ತಿರುವಿ ಒಂದಕ್ಕೊಂದು ಬಡಿಯಂಗಿಲ್ಲ ಅಂತ ನೋಡ್ರಿ.

ಸ್ಲಿಪ್ ಕ್ಲಚ್ ಬಗ್ಗೆ ನನಗ ಸಿಟ್ಟು ಬರೋ ವಿಷಯ ಒಂದೈತಿ. ಹೆಡ್ಡರ್ ಜಾಮ್ ಆದಾಗ ಕಟಕಟ ಸಪ್ಪಳ ಮಾಡಿ ಜಾರಿ ಗೇರ್ ಉಳಸೋದೇ ಅದರ ಕೆಲಸ. ಪದೇ ಪದೇ ಜಾರತೈತಿ ಅಂತ ಅದನ್ನ ಗಚ್ಚಾಗಿ ಬಿಗಿ ಮಾಡೋದು, ವೆಲ್ಡಿಂಗ್ ಹೊಡಿಯೋದು, ಭಾರ ಜಾಸ್ತಿ ಆದ್ರ ತಾನೇ ಮುರಿಯೋ ಬೋಲ್ಟಿನ ಜಾಗಕ್ಕ ಗಟ್ಟಿ ಬೋಲ್ಟ್ ಹಾಕೋದು ಮಾಡ್ತಾರ. ಆಗ ಮುರಿಯೋದು ಶಾಫ್ಟು ಇಲ್ಲಾ ಗೇರ್‌ಬಾಕ್ಸು, ಅದೂ ಮಂದಿ ಹತ್ರ ನಿಂತಾಗ ತುಂಡು ಸಿಡೀತಾವ. ಜಾರೋದು ಜಾಸ್ತಿ ಆಗಿದ್ರ ಪ್ಲೇಟಿನ ಸಂದು, ರೋಲರ್ ಸವಕಳಿ, ಓಟದ ವೇಗ ಈ ಮೂರೂ ನೋಡ್ರಿ, ಕ್ಲಚ್ ಸುಳ್ಳು ಹೇಳಂಗಿಲ್ಲ.

ರೋಡಿಗೆ ಹತ್ತುವಾಗ ಅಗಲದ ಹೆಡ್ಡರ್ ಬಿಚ್ಚಿ ಟ್ರೇಲರಿನ ಮ್ಯಾಲ ಹಾಕ್ಕೊಂಡು ಹೋಗ್ರಿ, ಹಿಂದ ಕೆಂಪು ರಿಫ್ಲೆಕ್ಟರ್ ಹಚ್ರಿ. ಹೊಸಪೇಟೆ ಕುಷ್ಟಗಿ ಹೈವೇದಾಗ ರಾತ್ರಿ ಲಾರಿ ಓಟ ಎಷ್ಟಿರ್ತೈತಿ ಅಂತ ಎಲ್ಲಾರಿಗೂ ಗೊತ್ತೈತಿ, ಕತ್ತಲಾದ ಮ್ಯಾಲ ಮಷೀನ್ ಸಾಗಸೋದೇ ಬ್ಯಾಡ.

ಸೀಜನ್ ಮುಗದ ಮ್ಯಾಲ ರವದಿ ಪೂರ್ತಿ ತಗದು ಇಡ್ರಿ, ಉಳದ ಕಾಳಿಗೆ ಇಲಿ ಬಂದು ವೈರಿಂಗ್ ಕಡೀತಾವ. ನೀರಿಲೆ ತೊಳದ್ರ ಬೇರಿಂಗಿಗೆ ಜೋರು ನೀರು ಬೀಳದಂಗ ನೋಡ್ರಿ, ತೊಳದ ಮ್ಯಾಲ ಒಣಗಿಸಿ ಗ್ರೀಸ್ ಹೊಡೀರಿ. ಹೊಳಪು ಬಂದ ಪ್ಲೇಟು, ರೋಲರಿಗೆ ಎಣ್ಣಿ ಸವರಿ, ಚೈನ್ ಸಡ್ಲ ಮಾಡಿ, ಹೆಡ್ಡರ್ ದಿಮ್ಮಿ ಮ್ಯಾಲ ಕುಂದ್ರಿಸಿ ತಾಡಪಾಲ ಮುಚ್ರಿ. ಗೇರ್‌ಬಾಕ್ಸಿನ ಎಣ್ಣಿ ಆಗಲೇ ಬದಲಿ ಮಾಡೋದು ಚಲೋ, ಹಳೇ ಎಣ್ಣಿಯಾಗ ಲೋಹದ ಚೂರು ಕಂಡ್ರ ಒಳಗ ಏನೋ ತಿಂದೈತಿ, ರಿಪೇರಿಗೆ ಬ್ಯಾಸಿಗಿ ಪೂರ್ತಿ ಟೈಮ್ ಇರ್ತೈತಿ. ಏನೇನು ಬದಲಿ ಮಾಡಬೇಕು ಅಂತ ಅವತ್ತೇ ಚೀಟಿ ಬರದು ಟೂಲ್ ಬಾಕ್ಸಿನ್ಯಾಗ ಇಡ್ರಿ. ಗಣೇಶನ ಹಬ್ಬದ ಹೊತ್ತಿಗೆ ಸಾಮಾನು ತರಸ್ರಿ, ಚೈನಿನ ಜಾಯಿಂಟು, ಒಂದು ಜೋಡಿ ಬೇರಿಂಗು, ಕಂಪನಿ ಹೇಳಿದ ಅಳತಿದೇ ಮುರಿಯೋ ಬೋಲ್ಟು ಒಂದು ಹಿಡಿ. ಅಕ್ಟೋಬರಿನ್ಯಾಗ ಎಲ್ಲಾ ಮಷೀನು ಒಮ್ಮೆಗೆ ಹೊಲಕ್ಕ ಇಳದಾಗ ಅಂಗಡಿಯಾಗ ಇವು ಸಿಗಂಗಿಲ್ಲ.